ಮಳೆಗಾಲಕ್ಕೆ ಮೊದಲು ಫ್ಲೂ ಲಸಿಕೆ: ನಮ್ಮ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಉಡುಪಿಯ ಒಂದು ಕ್ಲಿನಿಕ್‌ನ ಇಂಜೆಕ್ಷನ್ ಕೋಣೆಯಲ್ಲಿ ಇಪ್ಪತ್ತು ವರ್ಷಕ್ಕೂ ಮೇಲೆ ಸಿಸ್ಟರ್ ಆಗಿ ಕೆಲಸ ಮಾಡುತ್ತಿದ್ದೇನೆ. ಏಪ್ರಿಲ್ ಬಂತೆಂದರೆ ಫ್ಲೂ, ಅಂದರೆ ಇನ್‌ಫ್ಲುಯೆಂಜಾ ಲಸಿಕೆಯ ಬಗ್ಗೆ ಅವೇ ಪ್ರಶ್ನೆಗಳು ಶುರುವಾಗುತ್ತವೆ. ಕ್ಲಿನಿಕ್‌ನಲ್ಲಿ ಮಾತ್ರ ಅಲ್ಲ, ಮದುವೆ ಊಟದ ಪಂಕ್ತಿಯಲ್ಲಿ, ಬಸ್ಸಿನಲ್ಲಿ ಪಕ್ಕ ಕೂತವರಿಂದ, ರಾತ್ರಿ ಹತ್ತು ಗಂಟೆಗೆ ಮುಂಬೈಯಿಂದ ಬರುವ ನೆಂಟರ ಫೋನಿನಲ್ಲಿ ಕೂಡ. ಕೇಳಿದವರ ಮಾತನ್ನು ಆದಷ್ಟು ಹಾಗೇ ಉಳಿಸಿ ಇಲ್ಲಿ ಉತ್ತರ ಬರೆದಿದ್ದೇನೆ. ನಿಮ್ಮ ಕಾಯಿಲೆ, ನೀವು ನುಂಗುವ ಮಾತ್ರೆ ಎಲ್ಲ ಗೊತ್ತಿರುವ ಡಾಕ್ಟ್ರ ಮಾತು ಇದಕ್ಕಿಂತ ಮೇಲು.

## ಮೊದಲು ತಿಳಿಯಬೇಕಾದ್ದು

ಶೀತ ಜ್ವರಕ್ಕೆಲ್ಲ ಎಂತ ಇಂಜೆಕ್ಷನ್ ಸಿಸ್ಟರ್? ಮೂರು ದಿನದಲ್ಲಿ ತಾನಾಗಿ ಹೋಗ್ತದಲ್ಲ?

ಶೀತ ಬೇರೆ, ಫ್ಲೂ ಬೇರೆ. ಶೀತ ಮೂಗಿನಿಂದ ಶುರುವಾಗಿ ಮೆಲ್ಲಗೆ ಏರುತ್ತದೆ. ಮೂಗು ಸೋರಿಸಿಕೊಂಡೇ ನಾವು ಕೆಲಸಕ್ಕೂ ಹೋಗುತ್ತೇವೆ. ಫ್ಲೂ ಹಾಗಲ್ಲ. ಬೆಳಿಗ್ಗೆ ಸರಿಯಿದ್ದವರು ಮಧ್ಯಾಹ್ನ ಚಳಿ ಹಿಡಿದು ಮಲಗುತ್ತಾರೆ. ಮೈಕೈ ಮುರಿದು ಹಾಕಿದ ಹಾಗೆ ನೋವು, ಒಣ ಕೆಮ್ಮು, ತಲೆನೋವು. ಏಳಲು ತ್ರಾಣವೇ ಇರುವುದಿಲ್ಲ. ವೈರಸ್ ಒಳಹೊಕ್ಕ ಒಂದರಿಂದ ನಾಲ್ಕು ದಿನದೊಳಗೆ ಇದು ಕಾಣಿಸಿಕೊಳ್ಳುತ್ತದೆ.

ಗಟ್ಟಿಮುಟ್ಟಾದವರಿಗೆ ಒಂದು ವಾರದಲ್ಲಿ ಇಳಿಯುತ್ತದೆ, ಕೆಮ್ಮು ಮಾತ್ರ ಎರಡು ವಾರ ಎಳೆಯಬಹುದು. ಆದರೆ ಎಲ್ಲರಿಗೂ ಹಾಗೆ ಇಳಿಯುವುದಿಲ್ಲ. ಜಗತ್ತಿನಲ್ಲಿ ಪ್ರತಿ ವರ್ಷ 30ರಿಂದ 50 ಲಕ್ಷ ಜನಕ್ಕೆ ಇದು ಗಂಭೀರವಾಗುತ್ತದೆ, ಉಸಿರಾಟದ ತೊಂದರೆಯಿಂದಲೇ 2.9 ಲಕ್ಷದಿಂದ 6.5 ಲಕ್ಷ ಮಂದಿ ಸಾಯುತ್ತಾರೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಲಸಿಕೆ ಇರುವುದು ಈ ಜ್ವರಕ್ಕೆ. ಮೂಗು ಸೋರುವ ಶೀತಕ್ಕೆ ಅಲ್ಲ.

ಇದು ಎಚ್1ಎನ್1 ಇಂಜೆಕ್ಷನ್ನಾ, ಹಂದಿಜ್ವರದ್ದಾ?

ಅದೂ ಇದರೊಳಗೆ ಉಂಟು. 2009ರಲ್ಲಿ ಜಗತ್ತಿಗೆಲ್ಲ ಹಬ್ಬಿದ ಎಚ್1ಎನ್1 ಆಮೇಲೆ ಎಲ್ಲಿಗೂ ಹೋಗಲಿಲ್ಲ. ಪ್ರತಿ ವರ್ಷ ಬರುವ ಋತುಮಾನದ ಫ್ಲೂ ತಳಿಗಳಲ್ಲಿ ಒಂದಾಗಿ ಉಳಿದುಕೊಂಡಿತು. ನಮ್ಮನ್ನು ಕಾಡುವ ಫ್ಲೂ ವೈರಸ್ಸಿನಲ್ಲಿ ಎ, ಬಿ ಎಂದು ಎರಡು ಮುಖ್ಯ ಬಗೆ, ಎಚ್1ಎನ್1 ಎ ಬಗೆಯದ್ದು. ಈಗ ಸಿಗುವ ಲಸಿಕೆಯಲ್ಲಿ ಆ ತಳಿ, ಎಚ್3ಎನ್2 ಎಂಬ ಇನ್ನೊಂದು ಎ ತಳಿ, ಜೊತೆಗೆ ಬಿ ತಳಿ ಇರುತ್ತವೆ. ಹಂದಿ ಮಾಂಸ ತಿನ್ನುವುದಕ್ಕೂ ಈ ಜ್ವರಕ್ಕೂ ಸಂಬಂಧವಿಲ್ಲ. ಇದು ಮನುಷ್ಯರಿಂದ ಮನುಷ್ಯರಿಗೆ ಕೆಮ್ಮು, ಸೀನು, ಕೈಗಳ ಮೂಲಕ ದಾಟುವುದು.

ಮಗುವಿನ ಕಾರ್ಡಿನಲ್ಲಿ ಇನ್‌ಫ್ಲುಯೆಂಜಾ ಅಂತ ಮೊದಲೇ ಬರೆದುಂಟಲ್ಲ? ಅಂಗನವಾಡಿಯಲ್ಲಿ ಕೊಟ್ಟಾಗಿದೆ.

ಈ ಗೊಂದಲ ಎಷ್ಟು ಮನೆಯಲ್ಲಿ ಉಂಟೋ! ಐದು ಕಾಯಿಲೆಗೆ ಒಟ್ಟಿಗೆ ಕೊಡುವ ಸರ್ಕಾರದ ಪೆಂಟಾವೇಲೆಂಟ್ ಲಸಿಕೆಯಲ್ಲಿರುವುದು ಹಿಬ್, ಅಂದರೆ ಹಿಮೋಫಿಲಸ್ ಇನ್‌ಫ್ಲುಯೆಂಜೆ ಎಂಬ ಬ್ಯಾಕ್ಟೀರಿಯಾದ ವಿರುದ್ಧದ ಲಸಿಕೆ. ಅದು ಮಕ್ಕಳ ಮೆದುಳು ಪೊರೆಯ ಉರಿಯೂತ ಮತ್ತು ನ್ಯುಮೋನಿಯಾ ತಡೆಯಲು. 1890ರ ದಶಕದಲ್ಲಿ ಈ ಬ್ಯಾಕ್ಟೀರಿಯಾವೇ ಫ್ಲೂ ತರುವುದು ಎಂದು ತಪ್ಪಾಗಿ ನಂಬಿ ಆ ಹೆಸರಿಟ್ಟರು. ಮನುಷ್ಯರ ಫ್ಲೂ ವೈರಸ್ ಸಿಕ್ಕಿದ್ದು 1933ರಲ್ಲಿ. ಹೆಸರು ಮಾತ್ರ ಹಾಗೇ ಉಳಿಯಿತು. ಹಿಬ್ ಕೊಟ್ಟಿದ್ದರೂ ಫ್ಲೂ ಲಸಿಕೆ ಬೇರೆಯೇ ಕೊಡಬೇಕು.

ಇದೊಂದು ತೆಗೊಂಡ್ರೆ ಮಳೆಗಾಲದ ಜ್ವರ ಎಲ್ಲ ನಿಲ್ತದಾ?

ಇಲ್ಲ. ನಮ್ಮ ಕರಾವಳಿಯಲ್ಲಿ ಈ ಮಾತನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕು. ಮಂಗಳೂರಿನಲ್ಲಿ ಜ್ವರ ಅಂದರೆ ಡಾಕ್ಟ್ರು ಮೊದಲು ಬರೆಯುವುದು ಮಲೇರಿಯಾ ರಕ್ತಪರೀಕ್ಷೆ. ಆಮೇಲೆ ಡೆಂಗಿ. ಗದ್ದೆ, ತೋಟ, ಚರಂಡಿಯ ನೀರಿಗೆ ಇಳಿದವರಾದರೆ ಇಲಿಜ್ವರ. ಘಟ್ಟದ ಬುಡದವರಿಗೆ ಬೇಸಿಗೆಯಲ್ಲಿ ಮಂಗನ ಕಾಯಿಲೆಯ ಭಯ. ಇವು ಯಾವುದನ್ನೂ ಫ್ಲೂ ಲಸಿಕೆ ತಡೆಯುವುದಿಲ್ಲ.

ಹಾಗಾಗಿ ಲಸಿಕೆ ತೆಗೆದುಕೊಂಡವರಿಗೆ ಜ್ವರ ಬಂದರೆ "ಫ್ಲೂ ಇರ್ಲಿಕ್ಕಿಲ್ಲ, ಸುಮ್ಮನೆ ಜ್ವರ" ಎಂದು ಮನೆಯಲ್ಲಿ ಕೂರಬಾರದು. ರಕ್ತಪರೀಕ್ಷೆ ಆಗುವವರೆಗೆ ಜ್ವರಕ್ಕೆ ಪ್ಯಾರಸಿಟಮಾಲ್ ಮಾತ್ರ ಸಾಕು. ಆಸ್ಪಿರಿನ್, ಐಬುಪ್ರೊಫೆನ್ ಥರದ ನೋವಿನ ಮಾತ್ರೆ ಬೇಡ. ಡೆಂಗಿ ಆಗಿದ್ದರೆ ರಕ್ತಸ್ರಾವಕ್ಕೆ ದಾರಿಯಾಗುತ್ತದೆ. ಹೃದಯದ ಡಾಕ್ಟ್ರು ದಿನಾ ತಿನ್ನಲು ಕೊಟ್ಟ ಆಸ್ಪಿರಿನ್ ಇದ್ದರೆ ನೀವಾಗಿ ನಿಲ್ಲಿಸಬೇಡಿ, ಅವರನ್ನೇ ಕೇಳಿ.

## ಯಾರಿಗೆ ಬೇಕು

ನಮ್ಮದು ಏಳು ಜನರ ಮನೆ. ಎಲ್ಲರಿಗೂ ಕೊಡಿಸ್ಲಿಕ್ಕೆ ಆಗುವುದಿಲ್ಲ. ಯಾರಿಗೆ ಮೊದಲು?

ನನ್ನ ಮಟ್ಟಿಗೆ ಇಲ್ಲಿರುವ ಎಲ್ಲ ಪ್ರಶ್ನೆಗಳಲ್ಲಿ ದೊಡ್ಡದು ಇದೇ.

ಮನೆಯಲ್ಲಿ ಬಸುರಿ ಇದ್ದರೆ ಅವಳು ಮತ್ತು ವಯಸ್ಸಾದವರು ಮೊದಲು. ಅವರ ಜೊತೆಗೇ ಸಕ್ಕರೆ ಕಾಯಿಲೆ, ಹೃದಯ, ಕಿಡ್ನಿ, ಲಿವರ್ ತೊಂದರೆ ಇರುವವರು, ದಮ್ಮು ಇರುವವರು, ಕ್ಯಾನ್ಸರ್‌ಗೆ ಔಷಧಿ ಆಗುತ್ತಿರುವವರು, ರೋಗನಿರೋಧಕ ಶಕ್ತಿ ಕುಗ್ಗಿಸುವ ಮಾತ್ರೆ ತಿನ್ನುವವರು. ಆಮೇಲೆ ಆರು ತಿಂಗಳು ದಾಟಿದ, ಐದು ವರ್ಷದೊಳಗಿನ ಮಕ್ಕಳು. ಆಸ್ಪತ್ರೆ, ಲ್ಯಾಬ್, ಆಂಬುಲೆನ್ಸ್‌ನಲ್ಲಿ ಕೆಲಸ ಮಾಡುವವರು, ಆಶಾ ಕಾರ್ಯಕರ್ತೆಯರು ಕೂಡ ಮೊದಲ ಸಾಲಿನವರೇ. ಅವರಿಗೆ ಬಂದರೆ ದಿನಕ್ಕೆ ನೂರು ರೋಗಿಗಳಿಗೆ ದಾಟಿಸಬಲ್ಲರು.

ನಮ್ಮಲ್ಲಿ ಆಗುವುದು ಇದಕ್ಕೆ ಉಲ್ಟಾ. ಲಸಿಕೆ ಅಂದರೆ ಮಕ್ಕಳದು ಎಂಬ ಲೆಕ್ಕ. ಬೆಂಚಿನ ಮೇಲೆ ಅಜ್ಜಿ ಮೊಮ್ಮಗುವನ್ನು ತೊಡೆಯಲ್ಲಿಟ್ಟು ಕೂತಿರುತ್ತಾರೆ. ಮಗುವಿನ ಕಾರ್ಡನ್ನು ಮಳೆಗೆ ನೆನೆಯದ ಹಾಗೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಸೆರಗಿನೊಳಗೆ ಹಿಡಿದಿರುತ್ತಾರೆ. ಅಜ್ಜಿಗೆ ಕಾರ್ಡೇ ಇಲ್ಲ. ನಮ್ಮ ಅತ್ತೆಯೂ ಹಾಗೇ. ನನ್ನ ಮಗನ ಒಂದು ಲಸಿಕೆಯ ದಿನವನ್ನೂ ತಪ್ಪಿಸಿದವರಲ್ಲ. ಒಂದು ಆಗಸ್ಟ್‌ನಲ್ಲಿ ಮಗನಿಗೆ ಎರಡು ದಿನ ಜ್ವರ ಬಂದು ಹೋಯಿತು. ಅವನನ್ನು ನೋಡಿಕೊಂಡ ಅತ್ತೆಗೆ ಅದು ನ್ಯುಮೋನಿಯಾ ಆಗಿ ಹನ್ನೊಂದು ದಿನ ಆಕ್ಸಿಜನ್ ಮೇಲೆ ಇದ್ದರು. ಅವರಿಗೆ ದಮ್ಮು ಇದ್ದದ್ದು ನನಗೆ ಗೊತ್ತಿತ್ತು. ದಿನಾ ಲಸಿಕೆ ಕೊಡುವ ನಾನು ಮನೆಯಲ್ಲಿ ಅವರಿಗೆ ಒಂದು ಮಾತು ಹೇಳಿರಲಿಲ್ಲ. ಅವರು ಉಳಿದರು. ಅಂದಿನಿಂದ ಮಗುವನ್ನು ತಂದವರ ಹತ್ತಿರ ನಾನು ಕೇಳುವ ಮೊದಲ ಮಾತು, "ಮನೆಯಲ್ಲಿ ಹಿರಿಯರು ಯಾರಿದ್ದಾರೆ?"

ಅಮ್ಮನಿಗೆ ಎಪ್ಪತ್ತೆರಡು, ಶುಗರ್, ಬಿಪಿ ಎರಡೂ ಉಂಟು. ಈ ವಯಸ್ಸಲ್ಲಿ ಇಂಜೆಕ್ಷನ್ ತಡೀತಾರಾ?

ತಡೆಯುತ್ತಾರೆ. ಅವರಿಗೆ ತಡೆಯಲು ಕಷ್ಟವಾಗುವುದು ಫ್ಲೂ ಜ್ವರ. ಈ ಲಸಿಕೆಯಲ್ಲಿ ಜೀವಂತ ವೈರಸ್ ಇಲ್ಲ. ಸಾಯಿಸಿ ಒಡೆದ ವೈರಸ್ಸಿನ ತುಣುಕುಗಳು ಮಾತ್ರ. ಶುಗರ್, ಬಿಪಿ ಮಾತ್ರೆ ಒಂದು ಹೊತ್ತೂ ನಿಲ್ಲಿಸಬೇಕಾಗಿಲ್ಲ.

2023ರ ಮಾರ್ಚ್‌ನಲ್ಲಿ ಎಚ್3ಎನ್2 ಸುದ್ದಿ ಎಲ್ಲ ಕಡೆ ಹರಡಿದ್ದು ನೆನಪಿರಬಹುದು. ಆಗ ಕರ್ನಾಟಕದಲ್ಲಿ ಮೊದಲು ವರದಿಯಾದ ಸಾವು ಹಾಸನ ಜಿಲ್ಲೆಯ 82 ವರ್ಷದ ಹಿರಿಯರದ್ದು. ಅವರಿಗೂ ಶುಗರ್, ಬಿಪಿ ಎರಡೂ ಇದ್ದವು.

ಹೃದಯದ ವಿಷಯವನ್ನೂ ಹೇಳಬೇಕು. ಫ್ಲೂ ಎಂದು ಖಚಿತವಾದ ಮೊದಲ ಏಳು ದಿನಗಳಲ್ಲಿ ಹೃದಯಾಘಾತದ ಸಾಧ್ಯತೆ ಬೇರೆ ದಿನಗಳಿಗಿಂತ ಸುಮಾರು ಆರು ಪಟ್ಟು ಹೆಚ್ಚು ಎಂದು ಕೆನಡಾದಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಜ್ವರ ಬಂದು ಮೂರನೇ ದಿನಕ್ಕೆ "ಹಾರ್ಟ್ ಫೇಲ್ ಆಯ್ತು" ಎಂದು ನಾವು ಹೇಳುವ ಎಷ್ಟೋ ಸಾವುಗಳ ಹಿಂದೆ ಏನಿತ್ತೋ ಎಂದು ನನಗೆ ಆಗಾಗ ಅನಿಸುವುದುಂಟು.

ಒಂದು ಮಾತು ನಿಜ. ವಯಸ್ಸಾದಂತೆ ಲಸಿಕೆಗೆ ದೇಹ ಸ್ಪಂದಿಸುವುದು ಸ್ವಲ್ಪ ಕಡಿಮೆಯಾಗುತ್ತದೆ. ಅದಕ್ಕಾಗಿಯೇ ಅಮ್ಮನಿಗೆ ಕೊಡಿಸಿದ ಮೇಲೆ, ಸಾಧ್ಯವಾದರೆ, ಅವರ ಊಟ-ಸ್ನಾನ ನೋಡಿಕೊಳ್ಳುವವರಿಗೂ ಕೊಡಿಸಿ.

ಮಗಳಿಗೆ ಈಗ ಏಳು ತಿಂಗಳು, ಬಯಕೆ ಮುಗಿಸಿ ಮನೆಗೆ ಕರ್ಕೊಂಡು ಬಂದಿದ್ದೇವೆ. ಬಸುರಿಗೆ ಕೊಡ್ಲಿಕ್ಕೆ ಹೆದರಿಕೆ ಆಗ್ತದೆ.

ಹೆದರಿಕೆ ಸಹಜ. ಆದರೆ ಬಸುರಿನಲ್ಲಿ ಶ್ವಾಸಕೋಶಕ್ಕೆ ಜಾಗ ಕಡಿಮೆ, ಹೃದಯಕ್ಕೆ ಕೆಲಸ ಹೆಚ್ಚು. ಫ್ಲೂ ಬಂದರೆ ಬೇರೆ ಹೆಂಗಸರಿಗಿಂತ ಬೇಗ ಬಿಗಡಾಯಿಸುತ್ತದೆ. 2009ರ ಹಾವಳಿಯಲ್ಲಿ ಅದನ್ನು ಕಣ್ಣಾರೆ ನೋಡಿದ್ದೇವೆ. ಬಸುರಿನ ಯಾವ ತಿಂಗಳಲ್ಲಾದರೂ ಕೊಡಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮಲ್ಲಿ ಹೆಚ್ಚಿನ ಹೆರಿಗೆ ಡಾಕ್ಟ್ರು ಆರು ತಿಂಗಳು ದಾಟಿದ ಮೇಲೆ ಬರೆಯುತ್ತಾರೆ. ಹಾಗಾಗಿ ನಿಮ್ಮ ಮಗಳಿಗೆ ಈಗ ಸರಿಯಾದ ಸಮಯ.

ಇನ್ನೊಂದು ಲಾಭ ಹುಟ್ಟುವ ಮಗುವಿಗೆ. ಆರು ತಿಂಗಳ ಒಳಗಿನ ಮಗುವಿಗೆ ಫ್ಲೂ ಲಸಿಕೆ ಕೊಡಲು ಬರುವುದಿಲ್ಲ. ಆ ಆರು ತಿಂಗಳು ಮಗುವನ್ನು ಕಾಯುವುದು ತಾಯಿಯಿಂದ ಹೊಕ್ಕುಳಬಳ್ಳಿಯ ಮೂಲಕ ಬಂದ ಪ್ರತಿಕಾಯಗಳು, ಅಂದರೆ ರೋಗಾಣುವಿನ ವಿರುದ್ಧ ದೇಹ ತಯಾರಿಸುವ ರಕ್ಷಕ ಪ್ರೋಟೀನ್‌ಗಳು. ಬಾಂಗ್ಲಾದೇಶದಲ್ಲಿ ನಡೆದು 2008ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಬಸುರಿನಲ್ಲಿ ಲಸಿಕೆ ಪಡೆದ ತಾಯಂದಿರ ಮಕ್ಕಳಿಗೆ ಪರೀಕ್ಷೆಯಲ್ಲಿ ಖಚಿತವಾದ ಫ್ಲೂ 63 ಶೇಕಡಾ ಕಡಿಮೆ ಬಂದಿತ್ತು. ಬಾಣಂತಿ ಕೋಣೆಗೆ ಮಗು ನೋಡಲು ಬರುವ ನೆಂಟರನ್ನೆಲ್ಲ ತಡೆಯಲು ನಮ್ಮಿಂದ ಆಗುವುದಿಲ್ಲವಲ್ಲ.

ಬಸುರಿಗೆ ಮೂಗಿಗೆ ಸಿಂಪಡಿಸುವ ಲಸಿಕೆ ಮಾತ್ರ ಬೇಡ. ಅದರಲ್ಲಿ ಬಲ ಕುಗ್ಗಿಸಿದ ಜೀವಂತ ವೈರಸ್ ಇರುತ್ತದೆ. ತೋಳಿಗೆ ಕೊಡುವುದೇ ಆಗಬೇಕು.

ಮಗುವಿಗೆ ಒಂದು ಸಲ ಕೊಟ್ಟಾಯ್ತು. ಮತ್ತೆ ತಿಂಗಳಲ್ಲಿ ಬನ್ನಿ ಅಂತಾರೆ. ಎಂತಕ್ಕೆ?

ಆರು ತಿಂಗಳಿಂದ ಎಂಟು ವರ್ಷದವರೆಗಿನ ಮಕ್ಕಳಿಗೆ ಜೀವನದಲ್ಲಿ ಮೊದಲ ಸಲ ಕೊಡುವಾಗ ನಾಲ್ಕು ವಾರ ಬಿಟ್ಟು ಇನ್ನೊಂದು ಡೋಸ್ ಬೇಕು. ಆ ಪುಟ್ಟ ದೇಹ ಈ ವೈರಸ್ಸನ್ನು ಮೊದಲು ಕಂಡೇ ಇರುವುದಿಲ್ಲ. ಮೊದಲ ಡೋಸ್ ಗುರುತು ಮಾಡಿಕೊಡುತ್ತದೆ, ಎರಡನೆಯದು ಗಟ್ಟಿ ಮಾಡುತ್ತದೆ. ಮುಂದಿನ ವರ್ಷದಿಂದ ಒಂದೇ ಸಾಕು. ಭಾರತೀಯ ಮಕ್ಕಳ ವೈದ್ಯರ ಸಂಘದ ಪಟ್ಟಿಯಲ್ಲಿ ಆರನೇ ತಿಂಗಳು, ಏಳನೇ ತಿಂಗಳು, ಆಮೇಲೆ ಐದು ವರ್ಷದವರೆಗೆ ವರ್ಷಕ್ಕೊಂದು ಎಂದಿದೆ.

ನನ್ನ ಗಂಡ ಮಲ್ಪೆಯಲ್ಲಿ ಬೋಟಿಗೆ ಹೋಗುವವರು, ನಲವತ್ತು ವಯಸ್ಸು, ಒಂದು ದಿನ ಮಲಗಿದವರಲ್ಲ. ಅವರಿಗೂ ಬೇಕಾ?

ಮೊದಲ ಸಾಲಿನಲ್ಲಿ ಅವರಿಲ್ಲ. ಮನೆಯಲ್ಲಿ ಬಸುರಿಯೋ, ಹಸುಗೂಸೋ, ಕಾಯಿಲೆಯ ಹಿರಿಯರೋ ಇದ್ದರೆ ನಿಮ್ಮ ಗಂಡನೂ ತೆಗೆದುಕೊಳ್ಳುವುದು ಒಳ್ಳೆಯದು. ಇಲ್ಲದಿದ್ದರೆ ಕೈಯಲ್ಲಿ ಹಣ ಇದ್ದರೆ ಸರಿ, ಸಾಲ ಮಾಡಿ ಬೇಡ.

ಯಾರಿಗೆ ಕೊಡಲೇಬಾರದು?

ಆರು ತಿಂಗಳೊಳಗಿನ ಮಗುವಿಗೆ. ಹಿಂದೆ ಇದೇ ಲಸಿಕೆಯಿಂದ ಉಸಿರು ಕಟ್ಟುವಂಥ, ಮುಖ-ಗಂಟಲು ಬಾತುಕೊಳ್ಳುವಂಥ ತೀವ್ರ ಅಲರ್ಜಿ ಆದವರಿಗೆ. ಜೋರು ಜ್ವರದಲ್ಲಿ ನರಳುತ್ತಿರುವವರು ಗುಣವಾದ ಮೇಲೆ ಬರಲಿ. ಸಣ್ಣ ಮೂಗು ಸೋರುವುದಕ್ಕೆಲ್ಲ ಮುಂದೂಡಬೇಕಾಗಿಲ್ಲ. ರಕ್ತ ತೆಳು ಮಾಡುವ ಮಾತ್ರೆ ತಿನ್ನುವವರಿಗೆ ಕೊಡಬಹುದು, ಮೊದಲೇ ಹೇಳಿದರೆ ಸಣ್ಣ ಸೂಜಿ ಹಾಕಿ ಹೆಚ್ಚು ಹೊತ್ತು ಒತ್ತಿ ಹಿಡಿಯುತ್ತೇವೆ.

ಮೊಟ್ಟೆ ತಿಂದರೆ ಮೈ ತುರಿಸುವವರನ್ನು ಹಿಂದೆ ವಾಪಸ್ ಕಳಿಸುತ್ತಿದ್ದೆವು. ಈಗ ಆ ಕಟ್ಟುನಿಟ್ಟು ಸಡಿಲವಾಗಿದೆ. ಹಾಗಿದ್ದರೂ ಡಾಕ್ಟ್ರಿಗೆ ತಿಳಿಸಿಯೇ ತೆಗೆದುಕೊಳ್ಳಿ.

## ಯಾವಾಗ, ಎಲ್ಲಿ, ಎಷ್ಟು

ಯಾವ ತಿಂಗಳಲ್ಲಿ ತೆಗೊಳ್ಳುವುದು?

ನಮ್ಮ ಕಡೆಗೆ ಏಪ್ರಿಲ್-ಮೇ. ನಾನು ಹೇಳುವ ಲೆಕ್ಕ ಸುಲಭ: ಮೇ ಕೊನೆಯ ವಾರದ ಹೊತ್ತಿಗೆ ಬರುವ ಪತ್ತನಾಜೆ ಒಳಗೆ ಮುಗಿಸಿ. ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುವ, ಕೋಲ-ನೇಮಗಳು ನಿಲ್ಲುವ ಹೊತ್ತಿಗೆ ನಿಮ್ಮ ತೋಳಿನಲ್ಲಿ ಲಸಿಕೆ ಇರಬೇಕು. ಲಸಿಕೆ ಹಾಕಿದ ಮೇಲೆ ಪ್ರತಿಕಾಯ ಬೆಳೆಯಲು ಸುಮಾರು ಎರಡು ವಾರ ಬೇಕು. ಅಷ್ಟರಲ್ಲಿ ಜೂನ್ ಬರುತ್ತದೆ. ಶಾಲೆ ತೆರೆದಿರುತ್ತದೆ, ಎರಚಲಿಗೆ ಬಸ್ಸಿನ ಕಿಟಕಿಗಳೆಲ್ಲ ಮುಚ್ಚಿರುತ್ತವೆ, ಒಬ್ಬರ ಉಸಿರನ್ನು ಐವತ್ತು ಜನ ಹಂಚಿಕೊಳ್ಳುತ್ತಾರೆ.

ಭಾರತದಲ್ಲಿ ಫ್ಲೂ ವರ್ಷಕ್ಕೆ ಎರಡು ಸಲ ಏರುತ್ತದೆ: ಜನವರಿಯಿಂದ ಮಾರ್ಚ್ ಒಂದು, ಮಳೆಗಾಲ ಮತ್ತು ಅದರ ಬೆನ್ನಿಗೆ ಇನ್ನೊಂದು. ಮೇ ತಪ್ಪಿಹೋದರೆ ಈ ವರ್ಷದ್ದು ಹೋಯಿತು ಎಂದಲ್ಲ. ಜುಲೈಯಲ್ಲಿ ತೆಗೆದುಕೊಂಡರೂ ಉಪಯೋಗವಿದೆ.

ಬಾಕ್ಸಿನ ಮೇಲೆ ದಕ್ಷಿಣ ಗೋಳಾರ್ಧ ಅಂತ ಉಂಟು. ನಾವು ಇರುವುದು ಉತ್ತರದಲ್ಲಲ್ವಾ?

ಇದನ್ನು ಕೇಳಿದವರು ಒಬ್ಬ ಭೂಗೋಳದ ಮೇಷ್ಟ್ರು. ಪ್ರಶ್ನೆ ನೂರಕ್ಕೆ ನೂರು ಸರಿ.

ವಿಶ್ವ ಆರೋಗ್ಯ ಸಂಸ್ಥೆ ವರ್ಷಕ್ಕೆ ಎರಡು ಸಲ ತಳಿಗಳನ್ನು ಆರಿಸುತ್ತದೆ. ಫೆಬ್ರವರಿಯಲ್ಲಿ ಉತ್ತರ ಗೋಳಾರ್ಧದ ಮುಂದಿನ ಚಳಿಗಾಲಕ್ಕೆ, ಸೆಪ್ಟೆಂಬರ್‌ನಲ್ಲಿ ದಕ್ಷಿಣದ ಚಳಿಗಾಲಕ್ಕೆ. ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾದಲ್ಲಿ ಚಳಿಗಾಲ ಇರುವ ಜೂನ್-ಆಗಸ್ಟ್‌ನಲ್ಲೇ ನಮಗೆ ಮಳೆಗಾಲ. ನಕ್ಷೆಯಲ್ಲಿ ನಾವು ಉತ್ತರದವರಾದರೂ ಫ್ಲೂವಿನ ಪಂಚಾಂಗದಲ್ಲಿ ದಕ್ಷಿಣದವರ ಜೊತೆಗಿದ್ದೇವೆ. ಆ ಲಸಿಕೆ ಮಳೆಗೆ ಮೊದಲೇ ನಮ್ಮ ಕೈಗೆ ಸಿಗುತ್ತದೆ. ಉತ್ತರದ್ದು ಬರುವುದು ಸೆಪ್ಟೆಂಬರ್ ಆಸುಪಾಸಿಗೆ. ನಮಗೆ ಬೇಕಾದದ್ದು ನಾವು ತೆಗೆದುಕೊಳ್ಳುವ ಹೊತ್ತಿಗೆ ಸಿಗುವ ಹೊಸ ಲಸಿಕೆ.

ಬಾಕ್ಸನ್ನು ತೋರಿಸಿ ಎಂದು ಕೇಳಲು ಸಂಕೋಚ ಬೇಡ. ಮೇಲೆ ವರ್ಷ ಅಥವಾ ಋತು ಅಚ್ಚಾಗಿರುತ್ತದೆ, ಅವಧಿ ಮುಗಿಯುವ ತಾರೀಖು ಇರುತ್ತದೆ. ನನ್ನ ಅಣ್ಣನಿಗೆ ಒಂದು ಊರಿನಲ್ಲಿ ಹಿಂದಿನ ಋತುವಿನಿಂದ ಉಳಿದದ್ದನ್ನೇ ಕೊಟ್ಟಿದ್ದರು. ಅವಧಿ ಮುಗಿದಿರಲಿಲ್ಲ, ಆದರೆ ತಳಿ ಹಳೆಯದು. ಬಾಕ್ಸ್ ನೋಡಿದ್ದರೆ ಆಗಲೇ ಗೊತ್ತಾಗುತ್ತಿತ್ತು.

ಕಳೆದ ವರ್ಷ ತೆಗೊಂಡಿದ್ದೇನಲ್ಲ, ಟಿಟಿ ಹಾಗೆ ಐದು ಹತ್ತು ವರ್ಷ ಬರುವುದಿಲ್ವಾ?

ಬರುವುದಿಲ್ಲ, ಎರಡು ಕಾರಣಕ್ಕೆ. ಫ್ಲೂ ವೈರಸ್ ತನ್ನ ಮೇಲ್ಮೈಯ ಪ್ರೋಟೀನ್‌ಗಳನ್ನು ಸ್ವಲ್ಪ ಸ್ವಲ್ಪವೇ ಬದಲಿಸುತ್ತ ಹೋಗುತ್ತದೆ. ಕಳೆದ ವರ್ಷ ಗುರುತು ಹಿಡಿದ ದೇಹಕ್ಕೆ ಈ ವರ್ಷದ ವೇಷ ಗೊತ್ತಾಗುವುದಿಲ್ಲ. ತಳಿ ಬದಲಾಗದ ವರ್ಷದಲ್ಲೂ ಪ್ರತಿಕಾಯಗಳ ಮಟ್ಟ ತಿಂಗಳುಗಳು ಕಳೆದಂತೆ ಇಳಿಯುತ್ತದೆ.

ಎಷ್ಟಾಗ್ತದೆ? ಸರ್ಕಾರಿ ಆಸ್ಪತ್ರೆಯಲ್ಲಿ ಫ್ರೀ ಉಂಟಾ?

ರಾಷ್ಟ್ರೀಯ ಲಸಿಕಾ ಕಾರ್ಯಕ್ರಮದ ಪಟ್ಟಿಯಲ್ಲಿ ಫ್ಲೂ ಲಸಿಕೆ ಇಲ್ಲ. ಪೋಲಿಯೊ, ಪೆಂಟಾದ ಹಾಗೆ ಅಂಗನವಾಡಿಗೆ ಹೋದರೆ ಸಿಗುವುದಿಲ್ಲ. ಖಾಸಗಿಯಲ್ಲಿ ಒಂದು ಡೋಸಿಗೆ ಸುಮಾರು ಒಂದೂವರೆಯಿಂದ ಎರಡೂವರೆ ಸಾವಿರ ರೂಪಾಯಿ. ಬ್ರ್ಯಾಂಡ್ ಮೇಲೆ ಹೆಚ್ಚು ಕಡಿಮೆ. ಬೀಡಿ ಕಟ್ಟಿ ಮನೆ ನಡೆಸುವ ಹೆಂಗಸಿಗೆ ಇದು ದೊಡ್ಡ ಮೊತ್ತ, ನನಗೆ ಗೊತ್ತು. ಹಿರಿಯರಿಗೂ ಬಸುರಿಯರಿಗೂ ಸರ್ಕಾರವೇ ಉಚಿತವಾಗಿ ಕೊಡಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಅಲ್ಲಿಯವರೆಗೆ ಇದ್ದ ಹಣದಲ್ಲಿ ಯಾರಿಗೆ ಮೊದಲು ಎಂಬ ಲೆಕ್ಕವನ್ನೇ ಹಾಕಬೇಕು.

ಮೆಡಿಕಲ್‌ನಿಂದ ತಂದು ಮನೆ ಫ್ರಿಜ್‌ನಲ್ಲಿಟ್ಟು, ನಾಳೆ ತಂದ್ರೆ ಕೊಡ್ತೀರಾ?

ದಯವಿಟ್ಟು ಹಾಗೆ ಮಾಡಬೇಡಿ. ಲಸಿಕೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ನಡುವೆಯೇ ಇರಬೇಕು. ಮನೆಯ ಫ್ರಿಜ್ಜಿನ ಬಾಗಿಲು ದಿನಕ್ಕೆ ನಲವತ್ತು ಸಲ ತೆರೆಯುತ್ತದೆ. ಗಾಳಿಮಳೆ ಬಂದರೆ ಕರೆಂಟು ಹೋಗಿ ಮರುದಿನ ಬಂದದ್ದೂ ಉಂಟು. ಬಿಸಿಗಿಂತ ಕೆಟ್ಟದ್ದು ಮಂಜುಗಟ್ಟುವುದು. ಒಮ್ಮೆ ಹೆಪ್ಪುಗಟ್ಟಿದ ಲಸಿಕೆ ಕರಗಿದ ಮೇಲೆ ನೋಡಲು ಚೆನ್ನಾಗಿಯೇ ಕಂಡರೂ ಕೆಲಸಕ್ಕೆ ಬಾರದು. ಒಬ್ಬರು ಐಸ್‌ಕ್ರೀಮ್ ಡಬ್ಬಿಯ ಪಕ್ಕ ಫ್ರೀಜರಿನಲ್ಲಿಟ್ಟು ತಂದಿದ್ದರು. ಅದನ್ನು ಬಿಸಾಡುವಾಗ ಅವರಿಗೂ ನನಗೂ ಹೊಟ್ಟೆ ಉರಿಯಿತು.

ಕೊಡುವ ಕಡೆಯೇ ಇರುವ ಲಸಿಕೆ ತೆಗೆದುಕೊಳ್ಳಿ. ಹೊರಗಿನಿಂದ ತರಲೇಬೇಕಾದರೆ ಐಸ್‌ಪ್ಯಾಕ್ ಇಟ್ಟ ಥರ್ಮಾಕೋಲ್ ಡಬ್ಬಿಯಲ್ಲಿ, ಸಿರಿಂಜು ನೇರವಾಗಿ ಐಸಿಗೆ ತಾಗದ ಹಾಗೆ ಬಟ್ಟೆ ಸುತ್ತಿ, ಅಂಗಡಿಯಿಂದ ನೇರ ಕ್ಲಿನಿಕ್‌ಗೆ.

## ತೆಗೆದುಕೊಂಡ ಮೇಲೆ

ಬಂಗುಡೆ ತಿನ್ನಬಹುದಾ? ನಂಜಾಗ್ತದಾ?

ತಿನ್ನಬಹುದು. ಬಂಗುಡೆ, ಬದನೆ, ಹಲಸು ಯಾವುದಕ್ಕೂ ಪಥ್ಯ ಇಲ್ಲ. ಸ್ನಾನವನ್ನೂ ಮಾಡಬಹುದು. ಇಂಜೆಕ್ಷನ್ ಕೊಟ್ಟ ಜಾಗವನ್ನು ತಿಕ್ಕಬೇಡಿ, ಬಿಸಿ ಶಾಖ ಕೊಡಬೇಡಿ, ಎಣ್ಣೆ ಹಚ್ಚಿ ನೀವಬೇಡಿ. ಹದಿನೈದು ನಿಮಿಷದಿಂದ ಅರ್ಧ ಗಂಟೆ ನಮ್ಮ ಬೆಂಚಿನಲ್ಲೇ ಕೂತು ಹೋಗಿ. ತೀವ್ರ ಅಲರ್ಜಿ ಬಹಳ ಅಪರೂಪ, ಆದರೆ ಬಂದರೆ ಆ ಹೊತ್ತಿನಲ್ಲೇ ಬರುವುದು ಹೆಚ್ಚು. ಅದಕ್ಕೆ ಬೇಕಾದ ಔಷಧಿ ನಮ್ಮ ಟ್ರೇಯಲ್ಲೇ ಇರುತ್ತದೆ.

ತೆಗೊಂಡ ರಾತ್ರಿಯೇ ಜ್ವರ ಬಂತು. ಲಸಿಕೆಯಿಂದಲೇ ಫ್ಲೂ ಬಂತಲ್ಲ?

ಸತ್ತ ವೈರಸ್ಸಿನ ತುಣುಕಿನಿಂದ ಫ್ಲೂ ಬರುವುದಿಲ್ಲ. ತೋಳು ನೋವು, ಸಣ್ಣ ಜ್ವರ, ಮೈಕೈ ನೋವು ಒಂದೆರಡು ದಿನ ಇರಬಹುದು. ದೇಹ ಕೆಲಸ ಶುರು ಮಾಡಿದ ಲಕ್ಷಣ ಅದು. ಕುಚ್ಚಲಕ್ಕಿ ಗಂಜಿ ಕುಡಿದು ಮಲಗಿ, ಬೇಕಾದರೆ ಪ್ಯಾರಸಿಟಮಾಲ್ ತೆಗೆದುಕೊಳ್ಳಿ. ಮೂರನೇ ದಿನವೂ ಜ್ವರ ಇದ್ದರೆ ಅದು ಲಸಿಕೆಯದ್ದಲ್ಲ, ರಕ್ತ ಪರೀಕ್ಷೆ ಮಾಡಿಸಿ.

ನಮ್ಮಲ್ಲಿ ಮೊಟ್ಟೆ ಮುಟ್ಟುವುದಿಲ್ಲ. ಇದು ಮೊಟ್ಟೆಯಲ್ಲಿ ಮಾಡುವುದಂತೆ, ಹೌದಾ?

ಹೌದು. ಮುಚ್ಚಿಟ್ಟು ಸೂಜಿ ಚುಚ್ಚುವುದು ನನಗೆ ಇಷ್ಟವಿಲ್ಲ, ಅದಕ್ಕೆ ಇದ್ದದ್ದನ್ನು ಹೇಳುತ್ತೇನೆ. ನಮ್ಮ ಕಡೆ ಸಿಗುವ ಹೆಚ್ಚಿನ ಫ್ಲೂ ಲಸಿಕೆಗಳಿಗೆ ವೈರಸ್ಸನ್ನು ಭ್ರೂಣ ಇರುವ ಕೋಳಿಮೊಟ್ಟೆಯಲ್ಲಿ ಬೆಳೆಸುತ್ತಾರೆ. ಆಮೇಲೆ ಅದನ್ನು ತೆಗೆದು, ಸಾಯಿಸಿ, ಹಲವು ಹಂತ ಶುದ್ಧ ಮಾಡುತ್ತಾರೆ. ಕೊನೆಗೆ ಮೊಟ್ಟೆಯ ಪ್ರೋಟೀನ್ ಉಳಿದರೆ ಲೇಶಮಾತ್ರ. ಉಡುಪಿಯಲ್ಲಿ ಮಡಿ-ಆಚಾರ ಬಿಡದ ಎಷ್ಟೋ ಹಿರಿಯರು ಇದನ್ನು ಕೇಳಿ, ಸ್ವಲ್ಪ ಹೊತ್ತು ಯೋಚಿಸಿ, "ಔಷಧಿ ಅಲ್ವಾ, ಕೊಡಿ" ಅಂದದ್ದುಂಟು. ಬೇಡ ಅಂದವರೂ ಉಂಟು. ತೀರ್ಮಾನ ಅವರದ್ದು, ನಿಜ ಹೇಳುವುದು ನಮ್ಮ ಕೆಲಸ.

ಆಟಿ ಅಮಾವಾಸ್ಯೆಗೆ ಪಾಲೆ ಕಷಾಯ ಕುಡಿಯುತ್ತೇವಲ್ಲ, ಅದು ಸಾಲುವುದಿಲ್ವಾ?

ನಮ್ಮ ಮನೆಯಲ್ಲೂ ಕುಡಿಯುತ್ತೇವೆ. ಬೆಳಕು ಹರಿಯುವ ಮೊದಲು ಕಲ್ಲಿನಲ್ಲಿ ಜಜ್ಜಿ ತೆಗೆದ ಪಾಲೆಯ, ಅಂದರೆ ಹಾಲೆಮರದ ತೊಗಟೆ, ಬೆಳ್ಳುಳ್ಳಿ, ಓಮ, ಕಾಳುಮೆಣಸು, ಆ ಕಹಿ, ಆಮೇಲೆ ಮೆಂತೆ ಗಂಜಿ. ಅದು ನಮ್ಮ ಹಿರಿಯರ ಕ್ರಮ, ಬಿಡಿ ಎಂದು ನಾನು ಹೇಳುವುದಿಲ್ಲ. ಆದರೆ ಫ್ಲೂ ವೈರಸ್ಸನ್ನು ಗುರುತು ಹಿಡಿಯಲು ದೇಹಕ್ಕೆ ಕಲಿಸುವುದು ಕಷಾಯದಿಂದ ಆಗದು. ಒಂದು ಎಚ್ಚರ: ಕತ್ತಲಲ್ಲಿ ಮರ ತಪ್ಪಬಾರದು. ಕಾಸರಕದ ಮರದಲ್ಲಿ ಸ್ಟ್ರಿಕ್ನಿನ್ ಎಂಬ ಘೋರ ವಿಷ ಇದೆ. ಹಿಂದಿನ ದಿನ ಹಗಲಿನಲ್ಲೇ ಗೊತ್ತಿರುವವರಿಂದ ಹಾಲೆಮರಕ್ಕೆ ಗುರುತು ಹಾಕಿಸಿ ಇಡಿ.

## ಸ್ವಲ್ಪ ಆಳದ ಪ್ರಶ್ನೆಗಳು

ನೂರಕ್ಕೆ ನೂರು ಗ್ಯಾರಂಟಿ ಇಲ್ಲ ಅಂದ್ಮೇಲೆ ದುಡ್ಡು ದಂಡ ಅಲ್ವಾ?

ಲಸಿಕೆಯ ತಳಿ ಆ ವರ್ಷದ ವೈರಸ್ಸಿಗೆ ಚೆನ್ನಾಗಿ ಹೊಂದಿದರೆ ಡಾಕ್ಟ್ರ ಹತ್ತಿರ ಹೋಗಬೇಕಾದಂಥ ಫ್ಲೂ ಬರುವ ಸಾಧ್ಯತೆ 40ರಿಂದ 60 ಶೇಕಡಾ ಕಡಿಮೆಯಾಗುತ್ತದೆ. ಹೊಂದದ ವರ್ಷ ಈ ರಕ್ಷಣೆ ಇನ್ನೂ ಕಡಿಮೆ. ಇದರ ಅರ್ಥ ಏನು? ಲೆಕ್ಕಕ್ಕೆ ಹೇಳುವುದಾದರೆ, ಲಸಿಕೆ ಇಲ್ಲದ ನೂರು ಜನರಲ್ಲಿ ಹತ್ತು ಜನಕ್ಕೆ ಬರುವ ಕಡೆ, ಲಸಿಕೆ ತೆಗೆದುಕೊಂಡ ನೂರರಲ್ಲಿ ಐದು ಜನಕ್ಕೆ ಬರುತ್ತದೆ. ಲಸಿಕೆ ತೆಗೆದುಕೊಂಡ ಅರ್ಧ ಜನಕ್ಕೆ ಫ್ಲೂ ಬರುತ್ತದೆ ಎಂದು ಅರ್ಥವಲ್ಲ. ಹಲವರು ಹಾಗೇ ತಿಳಿದಿದ್ದಾರೆ.

ಬಂದ ಐದು ಜನರಲ್ಲೂ ಐಸಿಯು ಮುಟ್ಟುವವರು ಕಡಿಮೆ. ವಯಸ್ಸಾದವರ ವಿಷಯದಲ್ಲಿ ನಾನು ನೋಡುವುದು ಅದನ್ನೇ: ಜ್ವರ ಬಂತೋ ಇಲ್ಲವೋ ಅಲ್ಲ, ಜ್ವರ ಮನೆಯಲ್ಲೇ ಮುಗಿಯಿತೋ ಇಲ್ಲವೋ.

ಮೂರು ತಳಿಯದ್ದು, ನಾಲ್ಕು ತಳಿಯದ್ದು ಅಂತಾರೆ. ನಾಲ್ಕರದ್ದೇ ಒಳ್ಳೆದಲ್ವಾ?

ಮೊದಲು ಹಾಗಿತ್ತು. ಬಿ ತಳಿಯಲ್ಲಿ ವಿಕ್ಟೋರಿಯಾ, ಯಮಗಾಟಾ ಎಂಬ ಎರಡು ಕವಲುಗಳಿದ್ದವು, ನಾಲ್ಕರ ಲಸಿಕೆಯಲ್ಲಿ ಎರಡೂ ಇರುತ್ತಿದ್ದವು. ಕೋವಿಡ್ ಕಾಲದಲ್ಲಿ ಜಗತ್ತೇ ಮನೆಯೊಳಗೆ ಕೂತಾಗ ಯಮಗಾಟಾ ಕವಲು ಕಾಣೆಯಾಯಿತು. 2020ರ ಮಾರ್ಚ್ ನಂತರ ಅದು ಖಚಿತವಾಗಿ ಎಲ್ಲೂ ಸಿಕ್ಕಿಲ್ಲ. ಅದನ್ನು ಲಸಿಕೆಯಲ್ಲಿ ಸೇರಿಸುವ ಅಗತ್ಯ ಇನ್ನಿಲ್ಲ ಎಂದು 2023ರ ಸೆಪ್ಟೆಂಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿತು. ಹಾಗಾಗಿ ಮೂರರದ್ದು ಸಿಕ್ಕಿದರೆ ಕಡಿಮೆ ಎಂದು ಬಿಡಬೇಡಿ.

ಕೈಕಾಲು ಬಿದ್ದುಹೋಗ್ತದಂತೆ, ವಾಟ್ಸಾಪಿನಲ್ಲಿ ಬಂತು.

ಅದು ಗಿಲ್ಲನ್-ಬಾರೆ ಎಂಬ ನರಗಳ ಕಾಯಿಲೆಯ ಮಾತು. ಫ್ಲೂ ಲಸಿಕೆಯಿಂದ ಅದು ಹೆಚ್ಚುವುದಾದರೂ ಹತ್ತು ಲಕ್ಷ ಡೋಸಿಗೆ ಒಂದೋ ಎರಡೋ. ಫ್ಲೂ ಜ್ವರದಿಂದಲೂ ಅದೇ ಕಾಯಿಲೆ ಬರುತ್ತದೆ, ಆ ಸಾಧ್ಯತೆ ಇದಕ್ಕಿಂತ ಹೆಚ್ಚು. ಹಿಂದೆ ಫ್ಲೂ ಲಸಿಕೆಯಾದ ಆರು ವಾರದೊಳಗೆ ಅದು ಬಂದವರು ಮಾತ್ರ ನರರೋಗ ತಜ್ಞರನ್ನು ಕೇಳಿಯೇ ಮುಂದುವರಿಯಬೇಕು.

ಕೋವಿಡ್ ಲಸಿಕೆ, ನ್ಯುಮೋನಿಯಾ ಲಸಿಕೆ ಆಗಿದೆ. ಮತ್ತೆ ಇದೂ ಬೇಕಾ?

ಬೇಕು, ಮೂರೂ ಬೇರೆ ಬೇರೆ ಶತ್ರುಗಳಿಗೆ. ಒಂದೇ ದಿನ ಬೇರೆ ಬೇರೆ ತೋಳಿಗೆ ಕೊಡಲೂಬಹುದು. ಫ್ಲೂವಿನ ಬೆನ್ನಿಗೆ ನ್ಯುಮೊಕಾಕಸ್ ಬ್ಯಾಕ್ಟೀರಿಯಾ ಹೊಕ್ಕಿ ನ್ಯುಮೋನಿಯಾ ಆಗುವುದು ಸಾಮಾನ್ಯ, ಹಾಗಾಗಿ ದಮ್ಮು ಇರುವ ಹಿರಿಯರಿಗೆ ಫ್ಲೂ, ನ್ಯುಮೋನಿಯಾ ಎರಡೂ ಲಸಿಕೆ ಆಗಿದ್ದರೆ ಒಳ್ಳೆಯದು. ಹಜ್ ಯಾತ್ರೆಗೆ ಹೊರಟ ಹಿರಿಯರೂ ಕಡ್ಡಾಯದ ಮೆದುಳು ಪೊರೆ ಜ್ವರದ ಲಸಿಕೆಯ ಜೊತೆ ಇದನ್ನೂ ಹೊರಡುವ ಎರಡು ವಾರ ಮೊದಲೇ ಮುಗಿಸಲಿ.

ಫ್ಲೂ ಬಂದೇ ಬಿಟ್ಟಿತು. ಈಗ ಎಂತ ಮಾಡುವುದು? ಆಂಟಿಬಯೋಟಿಕ್ ತೆಗೊಳ್ಳುವುದಾ?

ವೈರಸ್ಸಿಗೆ ಆಂಟಿಬಯೋಟಿಕ್ ಕೆಲಸ ಮಾಡುವುದಿಲ್ಲ. ಉಳಿದ ಮಾತ್ರೆಯನ್ನು ಡಬ್ಬಿಯಿಂದ ಹುಡುಕಿ ನುಂಗಬೇಡಿ. ಫ್ಲೂವಿಗೆಂದೇ ಇರುವ ಔಷಧಿ ಒಸೆಲ್ಟಾಮಿವಿರ್. ಜ್ವರ ಶುರುವಾದ 48 ಗಂಟೆಯೊಳಗೆ ಸಿಕ್ಕಿದರೆ ಅದರ ಫಲ ಹೆಚ್ಚು. ಗಟ್ಟಿಮುಟ್ಟಾದವರ ಸಣ್ಣ ಫ್ಲೂವಿಗೆ ಅದೂ ಬೇಡ, ಗಂಟಲ ದ್ರವದ ಪರೀಕ್ಷೆಯೂ ಬೇಡ. ಸರ್ಕಾರದ ಮಾರ್ಗಸೂಚಿಯೂ ಹಾಗೇ ಇದೆ. ಹಿರಿಯರು, ಬಸುರಿಯರು, ಕಾಯಿಲೆ ಇರುವವರಾದರೆ ಎರಡು ದಿನ ಕಾದು ನೋಡುವುದು ಬೇಡ, ಮೊದಲ ದಿನವೇ ಡಾಕ್ಟ್ರಿಗೆ ತೋರಿಸಿ.

ಏದುಸಿರು, ಎದೆನೋವು, ಕಫದಲ್ಲಿ ರಕ್ತ, ತುಟಿ-ಉಗುರು ನೀಲಿ, ಮಂಪರು ಇವುಗಳಲ್ಲಿ ಒಂದು ಕಂಡರೂ, ಮಗು ಹಾಲು ಬಿಟ್ಟರೆ ಅಥವಾ ಪಕ್ಕೆ ಸೆಳೆದುಕೊಂಡು ಉಸಿರಾಡಿದರೆ, ಬೆಳಗಾಗಲಿ ಎನ್ನಬೇಡಿ. ಮಂಗಳೂರಿನವರಿಗೆ ವೆನ್ಲಾಕ್, ಉಡುಪಿಯವರಿಗೆ ಅಜ್ಜರಕಾಡಿನ ಜಿಲ್ಲಾಸ್ಪತ್ರೆ, ಮಣಿಪಾಲ, ಯಾವುದು ಹತ್ತಿರವೋ ಅಲ್ಲಿಗೆ. ವಾಹನ ಇಲ್ಲದಿದ್ದರೆ 108.

ಸಿಸ್ಟರ್, ಮೊಮ್ಮಗನಿಗೆ ಕೊಟ್ಟಾಯ್ತಲ್ಲ. ನಂಗೂ ಕೊಡ್ತೀರಾ? ಎಂತ ತರಬೇಕು?

ಕೊಡ್ತೇನಮ್ಮ. ದಿನಾ ತಿನ್ನುವ ಮಾತ್ರೆಗಳ ಚೀಟಿ ತನ್ನಿ. ಚೀಟಿ ಇಲ್ಲದಿದ್ದರೆ ಖಾಲಿ ಸ್ಟ್ರಿಪ್ ಆದರೂ ಆಗುತ್ತದೆ. ತಿಂಡಿ ತಿಂದು ಬನ್ನಿ, ಖಾಲಿ ಹೊಟ್ಟೆ ಬೇಡ. ತೋಳು ಮೇಲಕ್ಕೆ ಸರಿಯುವ ಸಡಿಲ ರವಕೆ ಹಾಕಿಕೊಳ್ಳಿ. ಯಾವ ಕೈಯಲ್ಲಿ ತೆಂಗಿನಕಾಯಿ ತುರಿಯುತ್ತೀರೋ ಅದು ಬಿಟ್ಟು ಇನ್ನೊಂದು ಕೈಗೆ ಕೊಡುತ್ತೇನೆ. ಸಿರಿಂಜಿನಲ್ಲಿ ಅರ್ಧ ಮಿ.ಲೀ. ಔಷಧಿ, ಒಂದು ಚಿಕ್ಕ ಚಮಚದ ಹತ್ತನೇ ಒಂದು ಪಾಲು. ಮೊಮ್ಮಗನ ಕಾರ್ಡಿನ ಹಾಗೆ ನಿಮಗೂ ಒಂದು ಕಾರ್ಡ್ ಬರೆದು ಕೊಡುತ್ತೇನೆ, ತಾರೀಖು, ಲಸಿಕೆಯ ಹೆಸರು, ಬ್ಯಾಚ್ ನಂಬರ್ ಹಾಕಿ. ಎರಡನ್ನೂ ಅದೇ ಪ್ಲಾಸ್ಟಿಕ್ಕಿನಲ್ಲಿ ಇಟ್ಟುಕೊಳ್ಳಿ.